ನೌರು: ಮಣ್ಣು ಮುಗಿದ ಮೇಲೆ ಏನನ್ನು ಮಾರೋದು?

ನಿಮ್ಮ ಫೋನಿಗೂ ಈ ರೀಲ್ ಬಂದಿರಬಹುದು. ನೀಲಿ ಸಮುದ್ರದ ನಡುವೆ ಬೊಟ್ಟಿನಷ್ಟು ದ್ವೀಪ, ಹಿನ್ನೆಲೆಯಲ್ಲಿ ಎದೆ ನಡುಗಿಸೋ ಸಂಗೀತ, "ಜಗತ್ತಿನ ಶ್ರೀಮಂತ ದೇಶ ಭಿಕಾರಿ ಆದದ್ದು ಹೇಗೆ?" ಅನ್ನೋ ಪ್ರಶ್ನೆ. ಆಮೇಲೆ ಆ ಊರಿನ ಪೊಲೀಸ್ ಮುಖ್ಯಸ್ಥ ಲ್ಯಾಂಬೊರ್ಗಿನಿ ತರಿಸಿದ, ಹೊಟ್ಟೆ ಅಡ್ಡ ಬಂದು ಅದರೊಳಗೆ ಕೂರೋಕೇ ಆಗಲಿಲ್ಲ ಅನ್ನೋ ಕತೆ. ಕೆಳಗೆ ನಗುವ ಇಮೋಜಿಗಳ ಸಾಲು. ಅರವತ್ತು ಸೆಕೆಂಡಿನಲ್ಲಿ ಒಂದು ದೇಶದ ಕತೆ ಮುಗೀತು.

ಆ ದೇಶದ ಹೆಸರು ನೌರು. ಮೊದಲ ಸಲ ನೋಡಿದಾಗ ನಾನೂ ನಕ್ಕಿದ್ದೆ. ಆಮೇಲೆ ಒಂದು ದಿನಾಂಕ ಕಣ್ಣಿಗೆ ಬಿತ್ತು, ನಗು ಅಲ್ಲಿಗೇ ನಿಂತಿತು.

ನೌರು ಸ್ವತಂತ್ರವಾದದ್ದು 1968ರ ಜನವರಿ 31ರಂದು. ಆ ದಿನವನ್ನು ಅವರು ಬೇಕೆಂದೇ ಆರಿಸಿಕೊಂಡದ್ದು. ಎರಡನೇ ಮಹಾಯುದ್ಧದಲ್ಲಿ ಜಪಾನೀ ಸೈನ್ಯ ದ್ವೀಪವನ್ನು ಹಿಡಿದು, ಸುಮಾರು 1,200 ನೌರು ಜನರನ್ನು ಹಡಗಿನಲ್ಲಿ ತುಂಬಿಸಿ ದೂರದ ಚೂಕ್ ದ್ವೀಪಗಳಿಗೆ ಕೂಲಿ ಕೆಲಸಕ್ಕೆ ಸಾಗಿಸಿತ್ತು. ಹಸಿವು, ರೋಗ, ಮೇಲಿಂದ ಬಾಂಬು. ಯುದ್ಧ ಮುಗಿದು 1946ರ ಜನವರಿ 31ರಂದು ಹಡಗು ಅವರನ್ನು ಊರಿಗೆ ಮರಳಿ ತಂದಾಗ ಇಳಿದವರು 737 ಜನ. ಅಂದರೆ ಅವರ ಸ್ವಾತಂತ್ರ್ಯ ದಿನ, ಬದುಕಿ ಉಳಿದವರು ಮನೆಗೆ ಬಂದ ದಿನವೂ ಹೌದು.

ಇಂಥ ಜನ ದುಡ್ಡು ಕೈಗೆ ಬಂದ ಕೂಡಲೇ ಬುದ್ಧಿ ಕಳಕೊಂಡ್ರು ಅಂತ ಹೇಳಿ ಮುಗಿಸೋದು ಸುಲಭ. ಆದರೆ ಆ ಕತೆಗೆ ಮೊದಲ ಅರವತ್ತು ವರ್ಷ ಇಲ್ಲ, ಕೊನೆಯ ಮೂವತ್ತು ವರ್ಷವೂ ಇಲ್ಲ.

ಬಾಗಿಲಿಗೆ ಒತ್ತಿಟ್ಟ ಕಲ್ಲು

ಮೊದಲು ಅಳತೆ ಹೇಳಿಬಿಡ್ತೀನಿ. ನಮ್ಮ ದೇವನಹಳ್ಳಿಯ ವಿಮಾನ ನಿಲ್ದಾಣದ ಜಾಗ ಸುಮಾರು 4,000 ಎಕರೆ. ಇಡೀ ನೌರು ದೇಶ ಸುಮಾರು 5,200 ಎಕರೆ, ಅಂದರೆ 21 ಚದರ ಕಿಲೋಮೀಟರ್. ಪೆಸಿಫಿಕ್ ಸಾಗರದಲ್ಲಿ, ಭೂಮಧ್ಯರೇಖೆಗಿಂತ ಸ್ವಲ್ಪವೇ ಕೆಳಗೆ ಒಂಟಿಯಾಗಿ ಕೂತಿದೆ. ಹತ್ತಿರದ ನೆರೆ ದ್ವೀಪ ಬನಾಬಾಕ್ಕೇ ಸುಮಾರು 300 ಕಿ.ಮೀ. ಜನಸಂಖ್ಯೆ ಈಗ ಹನ್ನೆರಡು ಸಾವಿರದ ಆಸುಪಾಸು. ಕರಾವಳಿ ಸುತ್ತಿ ಬರುವ ರಸ್ತೆಯನ್ನು ಬೈಕಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಬಹುದು. ಅಧಿಕೃತ ರಾಜಧಾನಿ ಅಂತ ಒಂದು ಊರೇ ಇಲ್ಲ.

1888ರಲ್ಲಿ ಜರ್ಮನಿ ಈ ದ್ವೀಪದ ಮೇಲೆ ಬಾವುಟ ನೆಟ್ಟಿತು. ಅಲ್ಲಿಯ ತನಕ ಅದು ತೆಂಗು, ಮೀನು, ಹನ್ನೆರಡು ಕುಲಗಳ ಊರು. ಆಗ ಸಿಡ್ನಿಯ ಒಂದು ವ್ಯಾಪಾರಿ ಕಂಪನಿಯ ಕಚೇರಿಯಲ್ಲಿ ಬಾಗಿಲು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಡಲು ಒಂದು ಕಲ್ಲು ಬಳಸುತ್ತಿದ್ದರು. ಅದು ನೌರುವಿನಿಂದ ಬಂದ ಕಲ್ಲು. ಆಲ್ಬರ್ಟ್ ಎಲ್ಲಿಸ್ ಎಂಬ ನೌಕರನಿಗೆ ಅನುಮಾನ ಬಂದು ಪರೀಕ್ಷೆ ಮಾಡಿಸಿದ. ಮೇಲ್ದರ್ಜೆಯ ಫಾಸ್ಫೇಟ್! ಗೊಬ್ಬರಕ್ಕೆ ಚಿನ್ನದಂಥ ಕಚ್ಚಾವಸ್ತು. 1900ರ ಹೊತ್ತಿಗೆ ವಿಷಯ ಖಚಿತವಾಯಿತು, 1907ರಲ್ಲಿ ಹಡಗುಗಳು ಮಣ್ಣು ಹೊರತೊಡಗಿದವು.

ಜಮೀನಿನ ಒಡೆಯರಿಗೆ ಆರಂಭದಲ್ಲಿ ಸಿಕ್ಕ ಪಾಲು ಟನ್ನಿಗೆ ಅರ್ಧ ಪೆನ್ನಿ.

ಮೊದಲ ಮಹಾಯುದ್ಧದ ನಂತರ ಜರ್ಮನಿ ಹೋಯಿತು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆ ಮಾಡಿಕೊಂಡವು. ಲೀಗ್ ಆಫ್ ನೇಷನ್ಸ್ ಕೊಟ್ಟ ಜವಾಬ್ದಾರಿ ದ್ವೀಪದ ಜನರ ಯೋಗಕ್ಷೇಮ ನೋಡಿಕೊಳ್ಳುವುದು. ನಡೆದದ್ದು ಗಣಿಗಾರಿಕೆ. ತೆಗೆದ ಫಾಸ್ಫೇಟನ್ನು ಅಂತರರಾಷ್ಟ್ರೀಯ ಬೆಲೆಗಿಂತ ಕಡಿಮೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಲಗಳಿಗೆ ಕಳಿಸಿದರು. ಅಲ್ಲಿನ ಬಡ ಮಣ್ಣು ಗೋಧಿ, ಹುಲ್ಲು ಬೆಳೆಯುವ ಮಣ್ಣಾಯಿತು. ಆ ದೇಶಗಳ ಕೃಷಿಯ ಯಶಸ್ಸಿನ ಕತೆಯಲ್ಲಿ ನೌರುವಿನ ಹೆಸರು ಎಲ್ಲೋ ಅಡಿಟಿಪ್ಪಣಿಯಲ್ಲಿ ಇದ್ದರೆ ಹೆಚ್ಚು.

ಗಣಿ ಅಂದರೆ ಅಲ್ಲಿ ಹೇಗಿರುತ್ತೆ ಗೊತ್ತಾ? ಫಾಸ್ಫೇಟ್ ತುಂಬಿರೋದು ಹವಳದ ಸುಣ್ಣಕಲ್ಲಿನ ಕಂಬಗಳ ಸಂದಿನಲ್ಲಿ. ಅದನ್ನು ಬಗೆದು ತೆಗೆದರೆ ಉಳಿಯೋದು ಆಳೆತ್ತರದ, ಕೆಲವು ಕಡೆ ಇನ್ನೂ ಎತ್ತರದ ಚೂಪು ಕಲ್ಲುಗಳ ಕಾಡು. ನಡೆಯೋಕೆ ಆಗಲ್ಲ, ಬಿತ್ತೋಕೆ ಆಗಲ್ಲ, ಮನೆ ಕಟ್ಟೋಕೆ ಆಗಲ್ಲ. ದ್ವೀಪದ ಒಳಭಾಗವನ್ನು ಅವರು 'ಟಾಪ್‌ಸೈಡ್' ಅಂತಾರೆ. ದೇಶದ ಸುಮಾರು ಐದರಲ್ಲಿ ನಾಲ್ಕು ಪಾಲು ಈಗ ಅದೇ. ಜನ ಬದುಕಿರೋದು ಅಂಚಿನ ಕಿರಿದಾದ ಪಟ್ಟಿಯಲ್ಲಿ.

"ಬನ್ನಿ, ಬೇರೆ ದ್ವೀಪ ಕೊಡ್ತೀವಿ"

ಇಲ್ಲೊಂದು ಮಾತು ಹೇಳಲೇಬೇಕು. 1920ರಲ್ಲಿ ಇನ್‌ಫ್ಲುಯೆಂಜಾ ಬಂದು ನೂರಾರು ಜನ ಸತ್ತಾಗ, ಒಂದು ಜನಾಂಗವಾಗಿ ಉಳಿಯಬೇಕಾದರೆ ಕನಿಷ್ಠ 1,500 ಮಂದಿಯಾದರೂ ಇರಬೇಕು ಅಂತ ಲೆಕ್ಕ ಹಾಕಿದರು. 1932ರ ಅಕ್ಟೋಬರ್ 26ರಂದು 1,500ನೇ ಮಗು ಹುಟ್ಟಿತು. ಆ ದಿನವನ್ನು ಇವತ್ತಿಗೂ 'ಅಂಗಂ ದಿನ' ಅಂತ ಆಚರಿಸುತ್ತಾರೆ. ಅಂಗಂ ಅಂದರೆ ಮನೆಗೆ ಮರಳುವುದು, ಸಂಭ್ರಮ. ಆ ಹೆಣ್ಣುಮಗು ಆಮೇಲೆ ಚೂಕ್‌ನಲ್ಲಿ ತೀರಿಕೊಂಡಿತು. ಯುದ್ಧದ ನಂತರ ಜನ ಮತ್ತೆ ಒಂದರಿಂದ ಎಣಿಸಿಕೊಂಡು ಬಂದರು, 1949ರಲ್ಲಿ ಮತ್ತೆ 1,500 ಮುಟ್ಟಿದರು. ತಲೆ ಎಣಿಸಿ ಹಬ್ಬ ಮಾಡುವ ದೇಶ ಇನ್ನೊಂದು ಇದೆಯಾ? ನನಗಂತೂ ನೆನಪಾಗ್ತಿಲ್ಲ.

1960ರ ದಶಕದಲ್ಲಿ, ಗಣಿ ಹೀಗೇ ನಡೆದರೆ ದ್ವೀಪ ವಾಸಕ್ಕೆ ಉಳಿಯಲ್ಲ ಅಂತ ಆಡಳಿತ ನಡೆಸುವವರಿಗೇ ಅನಿಸಿತು. ಆಸ್ಟ್ರೇಲಿಯಾ ಒಂದು ಪ್ರಸ್ತಾಪ ಮುಂದಿಟ್ಟಿತು: ಕ್ವೀನ್ಸ್‌ಲ್ಯಾಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಎಲ್ಲರೂ ಬಂದುಬಿಡಿ. ಮನೆ ಕೊಡ್ತೀವಿ, ಕೆಲಸ ಕೊಡ್ತೀವಿ, ಆಸ್ಟ್ರೇಲಿಯಾದ ಪೌರತ್ವ ಕೊಡ್ತೀವಿ. ಆದರೆ ಪ್ರತ್ಯೇಕ ದೇಶ ಆಗೋದು ಮಾತ್ರ ಸಾಧ್ಯವಿಲ್ಲ. ನಮ್ಮಲ್ಲಿ ಎಷ್ಟೋ ಜನ ಆಸ್ಟ್ರೇಲಿಯಾದ ಪಿಆರ್‌ಗಾಗಿ ವರ್ಷಗಟ್ಟಲೆ ಪಾಯಿಂಟ್ಸ್ ಲೆಕ್ಕ ಹಾಕ್ತಾ ಕೂತಿರ್ತಾರಲ್ಲ, ಅದೇ ಪೌರತ್ವ ಇಡೀ ಊರಿಗೆ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ.

1964ರಲ್ಲಿ ನೌರು ಬೇಡ ಅಂದಿತು.

ಹ್ಯಾಮರ್ ಡಿರೋಬರ್ಟ್ ಎಂಬ ಮಾಸ್ತರು ಆಗ ಅವರ ನಾಯಕ. ಚೂಕ್‌ನಿಂದ ಬದುಕಿ ಬಂದವರಲ್ಲಿ ಒಬ್ಬರು. ಅಲ್ಲಿಗೆ ಹೋದರೆ ನಾವು ನೌರುವಿನವರಾಗಿ ಉಳಿಯಲ್ಲ, ಆಸ್ಟ್ರೇಲಿಯಾದ ಜನರೊಳಗೆ ಕರಗಿಹೋಗ್ತೀವಿ ಅನ್ನೋದು ಅವರ ವಾದ. ನೆರೆಯ ಬನಾಬಾದ ಉದಾಹರಣೆ ಕಣ್ಣೆದುರಿಗೇ ಇತ್ತು. ಅದೂ ಫಾಸ್ಫೇಟ್ ದ್ವೀಪ, ಅಲ್ಲೂ ಅದೇ ಕಮಿಷನರ್ಸ್. ಅಲ್ಲಿಯ ಜನರನ್ನು 1945ರಲ್ಲಿ ಎರಡು ಸಾವಿರ ಕಿ.ಮೀ.ಗೂ ದೂರದ ಫಿಜಿಯ ರಾಬಿ ದ್ವೀಪಕ್ಕೆ ಒಯ್ದು ಬಿಟ್ಟಿದ್ದರು.

ಹೀಗೆ, ಕೆಲವೇ ಸಾವಿರ ಜನರ ಒಂದು ಗುಂಪು ಅರ್ಧಂಬರ್ಧ ಬಗೆದುಹೋದ ನೆಲವನ್ನೇ ಇಟ್ಟುಕೊಂಡು ದೇಶವಾಯಿತು. ಗಣಿಯ ಯಂತ್ರ, ಆಸ್ತಿ ಪುಕ್ಕಟೆ ಸಿಗಲಿಲ್ಲ, ಕಮಿಷನರ್ಸ್‌ಗೆ 2.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಕೊಂಡುಕೊಂಡರು. ಸ್ವಂತ ಮನೆಯ ಮಣ್ಣನ್ನು ಅಗೆಯುವ ಹಕ್ಕಿಗೆ ಕಟ್ಟಿದ ಬೆಲೆ ಅದು.

ಮೆಲ್ಬೋರ್ನಿನ 52 ಮಹಡಿ

ಇಲ್ಲಿಂದ ಮುಂದಿನದು ರೀಲ್‌ನಲ್ಲಿ ಬರುವ ಭಾಗ, ಬೇಗ ಹೇಳ್ತೀನಿ.

1970ರ ದಶಕದಲ್ಲಿ ಫಾಸ್ಫೇಟಿನ ಬೆಲೆ ಏರಿತು. ತಲಾ ಆದಾಯದಲ್ಲಿ ನೌರು ತೈಲದ ಅರಬ್ ದೇಶಗಳ ಪಕ್ಕ ಕೂತಿತು. ಆದಾಯ ತೆರಿಗೆ ಇಲ್ಲ, ಶಾಲೆ ಉಚಿತ, ಆಸ್ಪತ್ರೆ ಉಚಿತ. 1977ರಲ್ಲಿ ಮೆಲ್ಬೋರ್ನಿನಲ್ಲಿ 52 ಮಹಡಿಯ 'ನೌರು ಹೌಸ್' ಎದ್ದಿತು, ಆಗ ಆ ನಗರದಲ್ಲೇ ಅತಿ ಎತ್ತರದ ಕಟ್ಟಡ. ಫಾಸ್ಫೇಟ್ ಅಂದರೆ ಹಕ್ಕಿಯ ಹಿಕ್ಕೆ ಅನ್ನೋ ನಂಬಿಕೆ ಇತ್ತಲ್ಲ, ಸ್ಥಳೀಯರು ಆ ಕಟ್ಟಡಕ್ಕೆ ಅದೇ ಅರ್ಥದ ಅಡ್ಡಹೆಸರಿಟ್ಟರು. ಸ್ವಂತ ವಿಮಾನ ಸಂಸ್ಥೆ ಬಂತು, ಅದರ ಜೆಟ್‌ಗಳು ಖಾಲಿ ಸೀಟು ಹೊತ್ತು ಹಾರಿದವು. 1993ರಲ್ಲಿ ಲಿಯೊನಾರ್ಡೊ ಡ ವಿಂಚಿಯ ಪ್ರೇಮದ ಬಗ್ಗೆ ಲಂಡನ್ನಿನಲ್ಲಿ ಒಂದು ಸಂಗೀತ ನಾಟಕಕ್ಕೆ ದೇಶದ ದುಡ್ಡು ಸುರಿದರು. ಕೆಲವೇ ವಾರಗಳಲ್ಲಿ ಪರದೆ ಬಿತ್ತು. ಸಲಹೆಗಾರರ ಸೋಗಿನಲ್ಲಿ ಬಂದವರು ತಮ್ಮ ಪಾಲು ತಗೊಂಡು ಹೋದರು. ಒಂದು ಕಾಲಕ್ಕೆ ನೂರು ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಮೀರಿದ್ದ ಟ್ರಸ್ಟಿನ ನಿಧಿ ಕರಗಿಹೋಯಿತು. 2004ರಲ್ಲಿ ನೌರು ಹೌಸ್ ಸಾಲಕ್ಕೆ ಹೋಯಿತು, 2005ರಲ್ಲಿ ಉಳಿದಿದ್ದ ಕೊನೆಯ ವಿಮಾನವನ್ನೂ ಸಾಲ ಕೊಟ್ಟವರು ಜಪ್ತಿ ಮಾಡಿದರು.

ತಪ್ಪು ಅವರದ್ದೇ, ಅದರಲ್ಲಿ ಎರಡು ಮಾತಿಲ್ಲ. ಹೀಗೇ ಆಗಬೇಕಾಗಿತ್ತು ಅಂತಲೂ ಇರಲಿಲ್ಲ. ಪಕ್ಕದ ಕಿರಿಬಾಟಿಯಲ್ಲಿ ಬನಾಬಾದ ಫಾಸ್ಫೇಟ್ ಹಣದಿಂದ 1956ರಲ್ಲಿ ಒಂದು ನಿಧಿ ಶುರುವಾಯಿತು. ಗಣಿ ಮುಚ್ಚಿ ನಾಲ್ಕು ದಶಕ ದಾಟಿದರೂ ಅದು ಇನ್ನೂ ಆ ದೇಶದ ಬಜೆಟ್ಟಿಗೆ ಆಸರೆಯಾಗಿದೆ. ತುವಾಲು ಅನ್ನೋ ಇನ್ನೂ ಬಡ ನೆರೆಮನೆಗೆ ಗಣಿಯೇ ಇರಲಿಲ್ಲ. ಅದು 1987ರಲ್ಲಿ ದಾನಿ ದೇಶಗಳ ಜೊತೆ ಸೇರಿ ಟ್ರಸ್ಟ್ ಮಾಡಿಕೊಂಡಿತು. ಆಮೇಲೆ ಅದೃಷ್ಟಕ್ಕೆ ಇಂಟರ್ನೆಟ್ಟಿನಲ್ಲಿ '.ಟಿವಿ' ಅನ್ನೋ ಡೊಮೈನ್ ಪಾಲಿಗೆ ಬಂತು. ಗೇಮಿಂಗ್ ನೋಡೋರು ತೆರೆಯುವ ಟ್ವಿಚ್‌ನ ವಿಳಾಸದ ಕೊನೆಯಲ್ಲಿರೋ ಎರಡಕ್ಷರ ಆ ದ್ವೀಪದ್ದು. ಬಂದ ಹಣದಲ್ಲೇ 2000ದಲ್ಲಿ ವಿಶ್ವಸಂಸ್ಥೆ ಸೇರಿತು.

ನೌರು ಒಂದು ಲೆಕ್ಕವನ್ನು ಮಾತ್ರ ಚೆನ್ನಾಗಿ ಚುಕ್ತಾ ಮಾಡಿಕೊಂಡಿತು, ರೀಲ್‌ನವರು ಅದನ್ನು ಹೇಳಲ್ಲ. ಸ್ವಾತಂತ್ರ್ಯಕ್ಕೆ ಮುಂಚೆಯೇ ಬಗೆದುಹಾಕಿದ್ದ ಮೂರನೇ ಒಂದು ಭಾಗ ನೆಲವನ್ನು ಸರಿಮಾಡಿಕೊಡೋದು ಯಾರ ಹೊಣೆ? ಶ್ರೀಲಂಕಾದ ನ್ಯಾಯಶಾಸ್ತ್ರಜ್ಞ ಕ್ರಿಸ್ಟೋಫರ್ ವೀರಮಂತ್ರಿ ಅವರ ನೇತೃತ್ವದಲ್ಲಿ ತನಿಖಾ ಆಯೋಗ ಕೂರಿಸಿದರು. 1989ರಲ್ಲಿ ಆಸ್ಟ್ರೇಲಿಯಾದ ಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಪ್ರಕರಣ ವಿಚಾರಣೆಗೆ ಅರ್ಹವಲ್ಲ ಅಂತ ಆಸ್ಟ್ರೇಲಿಯಾ ವಾದಿಸಿತು, 1992ರಲ್ಲಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಮರುವರ್ಷ ಆಸ್ಟ್ರೇಲಿಯಾ ರಾಜಿಗೆ ಬಂದು 10.7 ಕೋಟಿ ಡಾಲರ್ ಕೊಡಲು ಒಪ್ಪಿತು. ಹತ್ತು ಸಾವಿರ ಜನರ ದೇಶ ಒಂದು ಖಂಡದ ಎದುರು ಕಟಕಟೆ ಹತ್ತಿದ್ದು ಹೇಗೆ? ಅದು ಪ್ರತ್ಯೇಕ ದೇಶ ಆಗಿತ್ತು, ಅದಕ್ಕೇ. ಕರ್ಟಿಸ್ ದ್ವೀಪದ ನಿವಾಸಿಗಳಾಗಿದ್ದಿದ್ದರೆ ಆ ಬಾಗಿಲೇ ಇರುತ್ತಿರಲಿಲ್ಲ.

ಸಾರ್ವಭೌಮತ್ವ ಅನ್ನೋ ಕೊನೆಯ ಗಣಿ

ಈಗ ಬನ್ನಿ ನನಗೆ ನಿಜಕ್ಕೂ ಕುತೂಹಲ ಹುಟ್ಟಿಸಿದ ಭಾಗಕ್ಕೆ. ಫಾಸ್ಫೇಟ್ ಬಹುತೇಕ ಮುಗಿದಿದೆ. ಕೃಷಿ ಇಲ್ಲ. ಮಾಲ್ಡೀವ್ಸ್ ಥರ ಟೂರಿಸಂ ಇಲ್ಲ. ಕರೆನ್ಸಿ ಕೂಡ ಸ್ವಂತದ್ದಲ್ಲ, ಆಸ್ಟ್ರೇಲಿಯನ್ ಡಾಲರ್. ಹಾಗಿದ್ದರೆ ಈ ದೇಶದ ಹತ್ತಿರ ಮಾರೋಕೆ ಉಳಿದಿರೋದು ಏನು?

ದೇಶ ಅನ್ನೋ ಅಧಿಕಾರ. ಯೋಚನೆ ಮಾಡಿ, ಒಂದು ದೇಶಕ್ಕೆ ಮಾತ್ರ ಮಾಡಲು ಸಾಧ್ಯವಿರುವ ಕೆಲವು ಕೆಲಸಗಳಿವೆ. ಬ್ಯಾಂಕಿಗೆ ಲೈಸೆನ್ಸ್ ಕೊಡೋದು. ಇನ್ನೊಂದು ದೇಶವನ್ನು 'ಹೌದು, ನೀನೂ ದೇಶ' ಅಂತ ಮಾನ್ಯ ಮಾಡೋದು. ತನ್ನ ಗಡಿಯೊಳಗೆ ಯಾರನ್ನು ಇಟ್ಟುಕೊಳ್ಳಬೇಕು ಅಂತ ತೀರ್ಮಾನಿಸೋದು. ಪಾಸ್‌ಪೋರ್ಟ್ ಕೊಡೋದು. ನೌರು ಇವೆಲ್ಲವನ್ನೂ ಒಂದೊಂದಾಗಿ ಅಂಗಡಿಯಲ್ಲಿಟ್ಟಿದೆ.

1990ರ ದಶಕದಲ್ಲಿ ನೂರಾರು ಬ್ಯಾಂಕುಗಳು ನೌರುವಿನ ವಿಳಾಸದಲ್ಲಿ ನೋಂದಣಿಯಾದವು. ಬಹುಪಾಲಿಗೆ ಅಲ್ಲಿ ಒಂದು ಮೇಜು ಕುರ್ಚಿಯೂ ಇರಲಿಲ್ಲ. ರಷ್ಯಾದ ಕಪ್ಪುಹಣ ಇದೇ ದಾರಿಯಲ್ಲಿ ಹರಿಯುತ್ತಿದೆ ಅಂತ ಗದ್ದಲವಾಗಿ, ಅಂತರರಾಷ್ಟ್ರೀಯ ಕಪ್ಪುಪಟ್ಟಿಗೆ ಸೇರಿ, ಆ ಅಂಗಡಿ ಮುಚ್ಚಬೇಕಾಯಿತು. ಇದರ ವ್ಯಂಗ್ಯ ಏನು ಅಂದ್ರೆ, ಅದೇ ದೇಶದ ಸ್ವಂತ ಬ್ಯಾಂಕ್ ಕುಸಿದುಬಿದ್ದು, ಜನ ವರ್ಷಗಟ್ಟಲೆ ನಗದಿನಲ್ಲೇ ವ್ಯವಹಾರ ಮಾಡಿದರು. 2015ರಲ್ಲಿ ಆಸ್ಟ್ರೇಲಿಯಾದ ಬ್ಯಾಂಕೊಂದು ಬಂದ ಮೇಲೆಯೇ ಎಟಿಎಂ ನೋಡಿದ್ದು.

ಮಾನ್ಯತೆಯ ವ್ಯಾಪಾರವನ್ನೂ ನೋಡಿ. 1980ರಿಂದ ತೈವಾನ್ ಜೊತೆ. 2002ರಲ್ಲಿ ಚೀನಾ ಕಡೆ. 2005ರಲ್ಲಿ ಮತ್ತೆ ತೈವಾನ್. 2024ರ ಜನವರಿ 15ಕ್ಕೆ, ತೈವಾನಿನ ಅಧ್ಯಕ್ಷರ ಚುನಾವಣೆ ಮುಗಿದು ಎರಡೇ ದಿನಕ್ಕೆ, ಮತ್ತೆ ಚೀನಾ. 2009ರಲ್ಲಿ ರಷ್ಯಾದ ಬೆಂಬಲದಲ್ಲಿ ಜಾರ್ಜಿಯಾದಿಂದ ಸಿಡಿದ ಅಬ್ಖಾಜಿಯಾ, ದಕ್ಷಿಣ ಒಸ್ಸೆಟಿಯಾಗಳನ್ನು ಮಾನ್ಯ ಮಾಡಿದ ಬೆರಳೆಣಿಕೆಯ ದೇಶಗಳಲ್ಲಿ ನೌರು ಒಂದು. ವಿಶ್ವಸಂಸ್ಥೆಯಲ್ಲಿ ಅದರ ಒಂದು ಮತಕ್ಕೂ ನಮ್ಮ ದೇಶದ ಒಂದು ಮತಕ್ಕೂ ತೂಕ ಒಂದೇ ಅಲ್ವಾ? ಕೊಳ್ಳುವವರು ಇದ್ದೇ ಇರ್ತಾರೆ.

ನಗೆ ಬತ್ತಿಹೋಗೋದು ಮೂರನೆಯದರಲ್ಲಿ. 2001ರ ಆಗಸ್ಟ್‌ನಲ್ಲಿ ನಾರ್ವೆಯ 'ಟಾಂಪಾ' ಹಡಗು, ಮುಳುಗುತ್ತಿದ್ದ ದೋಣಿಯಿಂದ 433 ಜನ ನಿರಾಶ್ರಿತರನ್ನು ಕಾಪಾಡಿತು; ಹೆಚ್ಚಿನವರು ಅಫ್ಘಾನಿಸ್ತಾನದವರು. ಆಸ್ಟ್ರೇಲಿಯಾ ಅವರನ್ನು ದಡಕ್ಕೆ ಬಿಟ್ಟುಕೊಳ್ಳಲಿಲ್ಲ. ದುಡ್ಡು ಕೊಟ್ಟು ನೌರುವಿನಲ್ಲಿ ಶಿಬಿರ ಮಾಡಿತು. 2008ರಲ್ಲಿ ಮುಚ್ಚಿದ್ದು 2012ರಲ್ಲಿ ಮತ್ತೆ ತೆರೆಯಿತು. ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಜನ, ಮಕ್ಕಳೂ ಸೇರಿ, ಆ ಬಿಸಿಲಿನ ಗಣಿಭೂಮಿಯ ಡೇರೆಗಳಲ್ಲಿ ಇದ್ದರು. 2016ರಲ್ಲಿ ಗಾರ್ಡಿಯನ್ ಪತ್ರಿಕೆ ಶಿಬಿರದ ಎರಡು ಸಾವಿರಕ್ಕೂ ಹೆಚ್ಚು ಆಂತರಿಕ ವರದಿಗಳನ್ನು ಹೊರಹಾಕಿತು. ಹಲ್ಲೆ, ಲೈಂಗಿಕ ಕಿರುಕುಳ, ತಮ್ಮನ್ನು ತಾವೇ ಗಾಯ ಮಾಡಿಕೊಂಡ ಮಕ್ಕಳು... ಓದೋಕೆ ಕಷ್ಟ. ಅದಕ್ಕೂ ಮುಂಚೆಯೇ, 2014ರಲ್ಲಿ, ನೌರು ಸರ್ಕಾರ ಪತ್ರಕರ್ತರ ವೀಸಾ ಶುಲ್ಕವನ್ನು 200 ಡಾಲರಿನಿಂದ 8,000ಕ್ಕೆ ಏರಿಸಿತ್ತು. ಅರ್ಜಿ ತಿರಸ್ಕಾರವಾದರೂ ಹಣ ವಾಪಸಿಲ್ಲ.

ತಮ್ಮ ಅಜ್ಜ-ಅಜ್ಜಿಯರನ್ನು ಇನ್ನೊಬ್ಬರು ದ್ವೀಪಕ್ಕೆ ಸಾಗಿಸಿ ಕೂಡಿಹಾಕಿದ್ದನ್ನು ಪ್ರತಿ ಜನವರಿ 31ಕ್ಕೆ ನೆನೆಯುವ ಜನ, ಇನ್ಯಾರನ್ನೋ ಕೂಡಿಹಾಕಲು ಜಾಗ ಬಾಡಿಗೆಗೆ ಕೊಟ್ಟರು. ಇದನ್ನು ನಾನು ಸಮರ್ಥಿಸಲಾರೆ. ಆದರೆ ಬಾಡಿಗೆ ಕೊಟ್ಟವರನ್ನು ಮಾತ್ರ ಬೈದು, ಬಾಡಿಗೆಗೆ ಪಡೆದವರ ಬಗ್ಗೆ ಸುಮ್ಮನಿದ್ದರೆ ಅದೂ ನ್ಯಾಯ ಅಲ್ಲ.

ಎಲ್ಲ ಮಾರಾಟವೂ ಹೀಗೇ ಇರಬೇಕಿಲ್ಲ ಅನ್ನೋದಕ್ಕೆ ನೌರುವಿನ ಹೆಸರಿನಲ್ಲೇ ಒಂದು ಸಾಕ್ಷಿ ಇದೆ. ನೆಲ 21 ಚದರ ಕಿ.ಮೀ. ಆದರೂ ಅದರ ಹಕ್ಕಿನ ಸಮುದ್ರ ಮೂರು ಲಕ್ಷ ಚದರ ಕಿ.ಮೀ. ದಾಟುತ್ತದೆ, ಕರ್ನಾಟಕದ ಒಂದೂವರೆ ಪಟ್ಟಿಗೂ ಹೆಚ್ಚು. ಟ್ಯೂನಾ ಮೀನಿನ ಹೆದ್ದಾರಿ ಅದು. ಮೊದಲು ಜಪಾನ್, ಅಮೆರಿಕ, ತೈವಾನಿನ ದೊಡ್ಡ ಹಡಗುಗಳು ಒಂದೊಂದು ದ್ವೀಪದ ಜೊತೆ ಬೇರೆ ಬೇರೆಯಾಗಿ ಚೌಕಾಸಿ ಮಾಡಿ ಚಿಲ್ಲರೆ ಕಾಸಿಗೆ ಮೀನು ಹಿಡಿಯುತ್ತಿದ್ದವು. 1982ರ 'ನೌರು ಒಪ್ಪಂದ'ದಲ್ಲಿ ದ್ವೀಪರಾಷ್ಟ್ರಗಳು ಒಟ್ಟಾದವು, ಈಗ ಎಂಟು ದೇಶಗಳಿವೆ. 2007ರಿಂದ ಹಡಗು ಎಷ್ಟು ದಿನ ಮೀನು ಹಿಡಿಯುತ್ತದೋ ಅಷ್ಟು ದಿನದ ಶುಲ್ಕ ಅನ್ನೋ ಪದ್ಧತಿ ತಂದರು. ಒಟ್ಟು ದಿನಗಳಿಗೆ ಮಿತಿ, ಒಂದು ದಿನಕ್ಕೆ ಕನಿಷ್ಠ 8,000 ಅಮೆರಿಕನ್ ಡಾಲರ್. ಯಾರೂ ಅದಕ್ಕಿಂತ ಕಡಿಮೆಗೆ ಕೊಡುವ ಹಾಗಿಲ್ಲ. ಎಂಟೂ ದೇಶಗಳ ಮೀನುಗಾರಿಕೆ ಆದಾಯ ಹಲವು ಪಟ್ಟು ಏರಿತು. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮಾಡಿಕೊಂಡು ನೀರಿನ ಟ್ಯಾಂಕರಿನವನ ಜೊತೆ ಒಂದೇ ರೇಟು ಮಾತಾಡಿದ ಹಾಗೆ ಅಂದುಕೊಳ್ಳಿ.

ಇನ್ನೊಬ್ಬರ ಸಹಿ ಬೇಕು

ಚೀನಾ ಕಡೆ ವಾಲಿದ ಹನ್ನೊಂದು ತಿಂಗಳಿಗೆ, 2024ರ ಡಿಸೆಂಬರಿನಲ್ಲಿ, ನೌರು ಆಸ್ಟ್ರೇಲಿಯಾದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಐದು ವರ್ಷದಲ್ಲಿ ಬಜೆಟ್ಟಿಗೆ 10 ಕೋಟಿ, ಪೊಲೀಸ್ ಮತ್ತು ಭದ್ರತೆಗೆ 4 ಕೋಟಿ ಆಸ್ಟ್ರೇಲಿಯನ್ ಡಾಲರ್. ಬದಲಿಗೆ, ಭದ್ರತೆ, ಬ್ಯಾಂಕಿಂಗ್, ದೂರಸಂಪರ್ಕದಲ್ಲಿ ಬೇರೆ ಯಾವ ದೇಶದ ಜೊತೆ ಕೈಜೋಡಿಸಬೇಕಾದರೂ ಆಸ್ಟ್ರೇಲಿಯಾ ಒಪ್ಪಬೇಕು. ತುವಾಲು ಕೂಡ 2023ರಲ್ಲಿ ಇಂಥದ್ದೇ ಒಪ್ಪಂದ ಮಾಡಿಕೊಂಡಿತ್ತು. ಅಲ್ಲಿ ವರ್ಷಕ್ಕೆ 280 ಜನರಿಗೆ ಆಸ್ಟ್ರೇಲಿಯಾದಲ್ಲಿ ನೆಲೆಸುವ ಅವಕಾಶವೂ ಸಿಕ್ಕಿದೆ.

1964ರಲ್ಲಿ ಇಟ್ಟ ಪ್ರಸ್ತಾಪಕ್ಕೂ ಇದಕ್ಕೂ ವ್ಯತ್ಯಾಸ ಏನು ಅಂತ ಕೇಳಬಹುದು. ಇದೆ. ಆವತ್ತು ಎಲ್ಲವನ್ನೂ ಒಂದೇ ಸಲ, ಕಾಯಂ ಆಗಿ ಬಿಟ್ಟುಕೊಡಬೇಕಿತ್ತು. ಇವತ್ತು ತುಂಡು ತುಂಡಾಗಿ, ಅವಧಿ ಹಾಕಿ, ಬೆಲೆ ಮಾತಾಡಿ ಕೊಡುತ್ತಿದ್ದಾರೆ. ಚೌಕಾಸಿ ಮಾಡೋಕಾದರೂ ಮೊದಲು ದೇಶ ಆಗಿರಬೇಕು. ಡಿರೋಬರ್ಟ್ ಮಾಸ್ತರು ಅಂದು ಬೇಡ ಅಂದದ್ದು ಸರಿ ಅಂತಲೇ ನನಗೆ ಈಗಲೂ ಅನಿಸೋದು. ಆದರೆ ಈ ವ್ಯಾಪಾರದಲ್ಲಿ ಬೆಲೆ ಹೇಳುವವರು ಯಾರು ಅಂತ ನೋಡಿದರೆ ಅಷ್ಟು ಸಮಾಧಾನ ಆಗಲ್ಲ.

ಸಮುದ್ರ ಮಟ್ಟ ಏರುತ್ತಿದೆ, ಜನ ಇರೋದು ಅಂಚಿನ ತಗ್ಗಿನಲ್ಲಿ. ಹಾಗಾಗಿ ಈಗಿನ ಯೋಜನೆ ಏನಂದರೆ, ಬಹುಪಾಲು ಮನೆಗಳನ್ನು ಮೇಲಕ್ಕೆ, ಆ ಚೂಪು ಕಲ್ಲುಗಳ ಟಾಪ್‌ಸೈಡಿಗೆ ಸ್ಥಳಾಂತರಿಸೋದು. ಕಲ್ಲುಕಂಬಗಳನ್ನು ಒಡೆದು, ಸಮ ಮಾಡಿ, ಮಣ್ಣು ಹಾಕಿ, ನೀರು-ಕರೆಂಟು ತಂದು ಊರು ಕಟ್ಟಬೇಕು. ಅದಕ್ಕೆ ಬೇಕಾದ ಹಣದ ಒಂದು ಪಾಲಿಗಾಗಿ 2025ರ ಆರಂಭದಲ್ಲಿ ಪಾಸ್‌ಪೋರ್ಟ್ ಮಾರಾಟ ಶುರುವಾಯಿತು. ಆಗ ಬೆಲೆ 1,05,000 ಅಮೆರಿಕನ್ ಡಾಲರಿನಿಂದ ಶುರುವಾಗುತ್ತಿತ್ತು. ದ್ವೀಪಕ್ಕೆ ಕಾಲಿಡಬೇಕಾಗಿಯೂ ಇಲ್ಲ.

ಮೊದಲು ಪೌರತ್ವ ಕೊಂಡವರು ದುಬೈನಲ್ಲಿರುವ ಒಂದು ಜರ್ಮನ್ ಕುಟುಂಬ, ನಾಲ್ಕು ಜನ.